ಕೊಟ್ಟವರ ಹೆಸರಿಲ್ಲದ ಲೆಕ್ಕ

ನಮ್ಮ ಯಲಹಂಕದ ಮನೆಯಲ್ಲಿ ಕುಡಿಯುವ ನೀರನ್ನು ಸೋಸಿ ಕುದಿಸಿಡುವ ಕೆಲಸ ನನ್ನದು. ಯಶವಂತಪುರದ ಮಂಡಿಯ ವ್ಯವಹಾರವನ್ನು ಮಗನಿಗೆ ಒಪ್ಪಿಸಿದ ಮೇಲೆ ಮನೆಯವರು ನನಗೆ ವಹಿಸಿದ ಉದ್ಯೋಗವಿದು. ಕಳೆದ ಚಾತುರ್ಮಾಸದ ಒಂದು ಸಂಜೆ, ಹೊತ್ತು ಮುಳುಗುವ ಮುನ್ನ ನಾನು ಒಲೆಯ ಮುಂದೆ ನಿಂತಿದ್ದಾಗ, ನಮ್ಮ ಮನೆಯಲ್ಲಿದ್ದುಕೊಂಡೇ ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ತಮ್ಮನ ಮಗಳು ಒಂದು ಪ್ರಶ್ನೆ ಕೇಳಿದಳು.

“ದೊಡ್ಡಪ್ಪ, ಕುದಿಸಿದರೆ ನೀರು ನಿರ್ಜೀವವಾಗುತ್ತದೆ ಎನ್ನುತ್ತೀರಿ. ನಾವು ಪ್ರಯೋಗಾಲಯದಲ್ಲಿ ದಿನವೂ ಬಳಸುವ ಕಿಣ್ವವೊಂದು ಬಂದಿರುವುದೇ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಜೀವಿಯಿಂದ. ಅದಕ್ಕೆ ನಿಮ್ಮ ಶಾಸ್ತ್ರ ಏನು ಹೇಳುತ್ತದೆ?”

ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಪುಸ್ತಕಗಳನ್ನೇ ತರಿಸಿಕೊಂಡು, ತಿಳಿಯದ ಕಡೆ ಅವಳನ್ನೇ ಕೇಳುತ್ತ, ಕೆಲವು ತಿಂಗಳು ಓದಿದೆ. ಕುದಿಯುವ ನೀರಿನ ಪ್ರಶ್ನೆಗೆ ತಕ್ಕಮಟ್ಟಿನ ಸಮಾಧಾನ ದೊರೆಯಿತು. ಆದರೆ ಓದುತ್ತ ಹೋದಂತೆ ಅವಳು ಕೇಳದಿದ್ದ ಇನ್ನೊಂದು ಪ್ರಶ್ನೆ ಎದುರಾಯಿತು. ಅದು ಹಿಂಸೆಗಿಂತ ಹೆಚ್ಚಾಗಿ ಅಚೌರ್ಯಕ್ಕೆ ಸಂಬಂಧಿಸಿದ್ದು. ವ್ಯಾಪಾರಿಯಾದ ನನ್ನನ್ನು ನೇರವಾಗಿ ತಟ್ಟಿದ್ದು. ಅದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಿಸಿನೀರಿನ ಜೀವಿ

ಅಮೆರಿಕದ ಯೆಲ್ಲೋಸ್ಟೋನ್ ಎಂಬಲ್ಲಿ ನೆಲದೊಳಗಿನ ಬೆಂಕಿಯಿಂದ ಕಾದ ನೀರು ಸಾವಿರಾರು ಬುಗ್ಗೆಗಳಾಗಿ ಉಕ್ಕುತ್ತದೆ. 1872ರಲ್ಲಿಯೇ ಆ ದೇಶ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿ, ಯಾರೂ ಕೊಳ್ಳದಂತೆ, ಮಾರದಂತೆ ರಕ್ಷಿಸಿತು. 1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್ ಎಂಬ ಪ್ರಾಧ್ಯಾಪಕರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಅಲ್ಲಿನ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಸ್ವಲ್ಪ ಮಾದರಿಯನ್ನು ತಂದು, ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು ಪ್ರಕಟಿಸಿದರು. ಅಲ್ಲಿಯವರೆಗೆ ಉಷ್ಣಪ್ರಿಯವೆನಿಸಿದ ಬ್ಯಾಕ್ಟೀರಿಯಾಗಳನ್ನು ವಿಜ್ಞಾನಿಗಳು ಸಾಮಾನ್ಯವಾಗಿ 55 ಡಿಗ್ರಿಯಲ್ಲಿ ಬೆಳೆಸುತ್ತಿದ್ದರು. ಈ ಜೀವಿಗೋ 70 ಡಿಗ್ರಿ ಹಿತ. ನಮ್ಮ ಕೈ ಕ್ಷಣಮಾತ್ರವೂ ತಾಳಲಾರದ ಬಿಸಿಯಲ್ಲಿ ಅದು ಉಂಡು, ಬೆಳೆದು, ಇಮ್ಮಡಿಯಾಗುತ್ತದೆ.

ಇದನ್ನು ಓದಿದಾಗ ನನಗೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ನೆನಪಾಯಿತು. ಅಲ್ಲಿ ಉಮಾಸ್ವಾಮಿಗಳು ಜೀವಗಳ ಯೋನಿಗಳನ್ನು, ಅಂದರೆ ಹುಟ್ಟುವ ನೆಲೆಗಳನ್ನು ಎಣಿಸುವಾಗ ಶೀತ, ಉಷ್ಣ ಮತ್ತು ಇವೆರಡರ ಮಿಶ್ರ ಎಂಬ ಭೇದಗಳನ್ನು ಹೇಳಿದ್ದಾರೆ. ಹಾಗೆಂದು ಬ್ಯಾಕ್ಟೀರಿಯಾಗಳ ವಿಷಯವೆಲ್ಲ ನಮ್ಮ ಆಚಾರ್ಯರಿಗೆ ಮೊದಲೇ ತಿಳಿದಿತ್ತೆಂದು ಹೇಳಹೊರಟರೆ ಅದು ಅವರಿಗೂ ವಿಜ್ಞಾನಿಗಳಿಗೂ ಮಾಡುವ ಅನ್ಯಾಯ. ಉಷ್ಣವಾದ ನೆಲೆಯಲ್ಲಿಯೂ ಜೀವವಿರಬಹುದೆಂಬ ಮಾತು ನಮಗೆ ಹೊಸತಾಗಿ ಕೇಳಬಾರದು. ಅಷ್ಟನ್ನು ಮಾತ್ರ ಹೇಳಬಹುದು.

ಇನ್ನು ಒಲೆಯ ಮೇಲಿನ ನೀರಿನ ವಿಚಾರ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆ ಬಿಸಿಯಲ್ಲಿ ಥರ್ಮಸ್ ಕೂಡ ಉಳಿಯದು. 100 ಡಿಗ್ರಿಗೂ ಮೀರಿ ಬೆಳೆಯುವ ಜೀವಿಗಳು ಸಮುದ್ರದ ಆಳದ ಬಿಸಿ ಬಾಯಿಗಳಲ್ಲಿ ದೊರೆತಿವೆ. 122 ಡಿಗ್ರಿಯಲ್ಲಿ ಬೆಳೆದ ಒಂದರ ವರದಿ 2008ರಲ್ಲಿ ಪ್ರಕಟವಾಯಿತು. ಅವು ನಮ್ಮ ನಲ್ಲಿಯಲ್ಲಿ ಬರುವವಲ್ಲ. ಆದರೂ ಕೆಲವು ಸಾಮಾನ್ಯ ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರನ್ನು ತಾಳಿಕೊಂಡು ಉಳಿಯುತ್ತವೆ. ಚೆನ್ನಾಗಿ ಕುದಿಸಿದ ನೀರಿಗೂ ನಮ್ಮ ಹಿರಿಯರು ಎಂಟು ಪ್ರಹರಗಳ ಗಡುವನ್ನಿಟ್ಟರು. ಒಮ್ಮೆ ಕುದಿಸಿದರೆ ಎಂದೆಂದಿಗೂ ನಿರ್ಜೀವವೆಂದು ಹೇಳಲಿಲ್ಲ. ಕುದಿಸುವುದು ಯತ್ನಾಚಾರದ ಒಂದು ಅಂಗ. ಇಷ್ಟನ್ನು ತಮ್ಮನ ಮಗಳಿಗೆ ಹೇಳಿದೆ, ಅವಳು ಒಪ್ಪಿದಳು.

ನಕಲು ಮಾಡುವ ಕಿಣ್ವ

ಈ ಜೀವಿಯಿಂದ ಜಗತ್ತಿಗೆ ದೊರೆತ ಉಪಯೋಗವನ್ನು ತಿಳಿಯದೆ ಮುಂದಿನ ಪ್ರಶ್ನೆ ಅರ್ಥವಾಗದು. ಪ್ರತಿ ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಎರಡೆಳೆಯ ದಾರವಿದ್ದು, ಆ ಜೀವಿಯ ಶರೀರರಚನೆಯ ಬರಹವೆಲ್ಲ ಅದರಲ್ಲಿದೆ. ಕೋಶ ಒಡೆದು ಎರಡಾಗುವಾಗ ಈ ಬರಹವನ್ನು ನಕಲು ಮಾಡುವ ಕೆಲಸ ಪಾಲಿಮರೇಸ್ ಎಂಬ ಕಿಣ್ವದ್ದು. ರೋಗಿಯ ಕಫದಲ್ಲಿ ರೋಗಾಣುವಿನ ಡಿಎನ್‌ಎ ಅತ್ಯಲ್ಪವಾಗಿರುತ್ತದೆ. ಅದನ್ನು ಗುರುತಿಸಬೇಕಾದರೆ ಕೋಟ್ಯಂತರ ಪ್ರತಿಗಳನ್ನು ಮಾಡಿಕೊಳ್ಳಬೇಕು.

1983ರಲ್ಲಿ ಕ್ಯಾಲಿಫೋರ್ನಿಯಾದ ಸೀಟಸ್ ಎಂಬ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ ಅದಕ್ಕೊಂದು ಉಪಾಯವನ್ನು ಕಂಡರು. ದ್ರಾವಣವನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆಗಳು ಬೇರೆಯಾಗುತ್ತವೆ. 55 ಡಿಗ್ರಿಯ ಆಸುಪಾಸಿಗೆ ತಣಿಸಿದರೆ, ನಕಲು ಎಲ್ಲಿಂದ ಆರಂಭವಾಗಬೇಕೆಂದು ಸೂಚಿಸುವ ಚಿಕ್ಕ ತುಣುಕುಗಳು ಬಂದು ಅಂಟುತ್ತವೆ. 72 ಡಿಗ್ರಿಗೆ ಏರಿಸಿದರೆ ಕಿಣ್ವವು ಪ್ರತಿಯೊಂದು ಎಳೆಗೂ ಜೋಡಿಯನ್ನು ಹೆಣೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಯಿತು. ಮುಂದಿನ ಸುತ್ತಿಗೆ ನಾಲ್ಕು. ಚಕ್ರಬಡ್ಡಿಯ ಲೆಕ್ಕ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ಹತ್ತು ಸುತ್ತಿಗೆ 1,024, ಮೂವತ್ತು ಸುತ್ತಿಗೆ 107 ಕೋಟಿಗೂ ಮೇಲೆ. ಇದೇ ಪಿಸಿಆರ್ ಎಂಬ ವಿಧಾನ.

ಆದರೆ ಮೊದಲು ಬಳಸುತ್ತಿದ್ದ ಕಿಣ್ವ ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ್ದು. 95 ಡಿಗ್ರಿಗೆ ಕಾಯಿಸಿದೊಡನೆ ಅದು ಕೆಟ್ಟುಹೋಗುತ್ತಿತ್ತು. ಪ್ರತಿ ಸುತ್ತಿಗೂ ಮುಚ್ಚಳ ತೆರೆದು ಹೊಸದಾಗಿ ಕಿಣ್ವವನ್ನು ಹಾಕಬೇಕಿತ್ತು. ಆಗ ನೆನಪಿಗೆ ಬಂದದ್ದು ಬ್ರಾಕ್ ಅವರ ಜೀವಿ. 1976ರಲ್ಲಿಯೇ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್ ಮತ್ತು ಜಾನ್ ಟ್ರೆಲಾ ಅವರು ಅದರಿಂದ ಪಾಲಿಮರೇಸನ್ನು ಬೇರ್ಪಡಿಸಿ ವಿವರಿಸಿದ್ದರು. 95 ಡಿಗ್ರಿಯಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯಲು ಸುಮಾರು 40 ನಿಮಿಷ ಬೇಕು. ಹೀಗಾಗಿ ಮೊದಲೊಮ್ಮೆ ಹಾಕಿದರೆ ಮೂವತ್ತು ಸುತ್ತೂ ನಡೆಯುತ್ತದೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ಸುಮ್ಮನಿರಬಹುದು. 1988ರಲ್ಲಿ ಸೀಟಸ್ ವಿಜ್ಞಾನಿಗಳು ಇದನ್ನು ಪ್ರಕಟಿಸಿದ ಮೇಲೆ ಪಿಸಿಆರ್ ಲೋಕವ್ಯಾಪಿಯಾಯಿತು. ಥರ್ಮಸ್ ಅಕ್ವಾಟಿಕಸ್ ಎಂಬ ಹೆಸರಿನ ಮೊದಲಕ್ಷರಗಳಿಂದ ಕಿಣ್ವಕ್ಕೆ ಟ್ಯಾಕ್ ಎಂದು ಹೆಸರಾಯಿತು. ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಇದು ದೂರದ ಸಂಗತಿಯಲ್ಲ. ನನ್ನ ಅಂಗಡಿಯಿಂದ ಕೆಲವೇ ಕಿಲೋಮೀಟರ್ ಆಚೆ, ಪೀಣ್ಯದಲ್ಲಿ, 1989ರಲ್ಲಿ ಆರಂಭವಾದ ಬ್ಯಾಂಗಲೋರ್ ಜೀನೈ ಎಂಬ ಸಂಸ್ಥೆ ಟ್ಯಾಕ್ ಮುಂತಾದ ಕಿಣ್ವಗಳನ್ನು ಇಲ್ಲಿಯೇ ತಯಾರಿಸಿ ದೇಶದ ಪ್ರಯೋಗಾಲಯಗಳಿಗೆ ಒದಗಿಸಿತು. ನಾವು ಬೇಳೆಯ ಚೀಲ ಎಣಿಸುತ್ತಿದ್ದ ದಿನಗಳಲ್ಲಿ ಪಕ್ಕದ ಕೈಗಾರಿಕಾ ಪ್ರದೇಶದಿಂದ ಯೆಲ್ಲೋಸ್ಟೋನ್ ಬುಗ್ಗೆಯ ವರ ಚಿಕ್ಕ ಚಿಕ್ಕ ಸೀಸೆಗಳಲ್ಲಿ ಹೊರಡುತ್ತಿತ್ತು. ನಮಗೆ ಸುಳಿವೇ ಇರಲಿಲ್ಲ. 2020ರ ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳದ ಮನೆಯುಂಟೆ? ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳೂ ಆಗ ಮಾದರಿಗಳ ಪರೀಕ್ಷೆ ನಡೆಸಿದವು. ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಾಣುವಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಯಾಗಿ ಬದಲಿಸುತ್ತಾರೆ. ಆ ಬಳಿಕ ಅದರ ಪ್ರತಿಗಳನ್ನು ಹೆಚ್ಚಿಸುವುದು ಟ್ಯಾಕ್ ಅಥವಾ ಅದರ ಬಂಧುವಾದ, ಶಾಖವನ್ನು ತಾಳುವ ಇನ್ನೊಂದು ಕಿಣ್ವ. ಕ್ಷಯರೋಗ ಪತ್ತೆಗೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ರೂಪಿಸಿದ ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರ ಕೂಡ ಪಿಸಿಆರ್ ತತ್ತ್ವದ್ದೇ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅನುಮೋದಿಸಿತು.

ಹಿಂಸೆಯ ಪ್ರಶ್ನೆ

ಶ್ರಾವಕನ ಮನಸ್ಸಿಗೆ ಮೊದಲು ಬರುವುದು ಹಿಂಸೆಯ ಪ್ರಶ್ನೆ. ಬ್ಯಾಕ್ಟೀರಿಯಾಗಳನ್ನು ಏಕೇಂದ್ರಿಯ ಜೀವಗಳೆಂದೇ ಎಣಿಸಿ ವಿಚಾರ ಮಾಡುವುದು ಎಚ್ಚರಿಕೆಯ ಮಾರ್ಗ. ಇಂದು ಟ್ಯಾಕ್ ಕಿಣ್ವಕ್ಕಾಗಿ ಥರ್ಮಸ್ ಅನ್ನೇ ಬೆಳೆಸುವ ಅಗತ್ಯವಿಲ್ಲ. 1989ರಲ್ಲಿ ಅದರ ವಂಶವಾಹಿಯನ್ನು ಇ. ಕೋಲಿಯೊಳಗೆ ಸೇರಿಸುವ ಕ್ರಮ ಪ್ರಕಟವಾಯಿತು. ಆ ಇ. ಕೋಲಿಯನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಕೋಶಗಳನ್ನು ಒಡೆದು, ಸುಮಾರು 75 ಡಿಗ್ರಿಗೆ ಕಾಯಿಸುತ್ತಾರೆ. ಇ. ಕೋಲಿಯ ಪ್ರೋಟೀನುಗಳು ಹಾಲು ಒಡೆದಂತೆ ಗಟ್ಟಿಯಾಗಿ ತಳಕ್ಕಿಳಿಯುತ್ತವೆ. ಟ್ಯಾಕ್ ಮಾತ್ರ ತಿಳಿಯಲ್ಲಿ ಉಳಿಯುತ್ತದೆ. ಕೋಟಿ ಕೋಟಿ ಸೂಕ್ಷ್ಮಜೀವಗಳು ಇದರಲ್ಲಿ ಅಳಿಯುತ್ತವೆ ಎಂಬುದನ್ನು ಮರೆಮಾಚಬಾರದು.

ಆದರೆ ಗೃಹಸ್ಥನ ಅಣುವ್ರತ ತ್ರಸಜೀವಗಳ ಸಂಕಲ್ಪಿತ ಹಿಂಸೆಯ ತ್ಯಾಗವನ್ನು ವಿಧಿಸುತ್ತದೆ; ಸ್ಥಾವರಗಳ ವಿಷಯದಲ್ಲಿ ನಿಷ್ಪ್ರಯೋಜನ ಹಿಂಸೆಯಿಂದ ದೂರವಿರಬೇಕೆನ್ನುತ್ತದೆ. ಹಿಂದೆ ಕ್ಷಯವನ್ನು ಖಚಿತಪಡಿಸಲು ರೋಗಿಯ ಕಫವನ್ನು ಗಿನಿಯಿಲಿಗೆ ಚುಚ್ಚಿ, ಅದು ನವೆಯುವುದನ್ನು ವಾರಗಟ್ಟಲೆ ಕಾಯುತ್ತಿದ್ದರು. ಹುಚ್ಚುನಾಯಿ ರೋಗದ ಪತ್ತೆಗೆ ಇಲಿಮರಿಗಳ ಮೆದುಳಿಗೆ ಚುಚ್ಚುತ್ತಿದ್ದರು. ಇವು ಪಂಚೇಂದ್ರಿಯ ಜೀವಗಳು. ಅಂಥ ಪರೀಕ್ಷೆಗಳನ್ನು ಬಿಡಲು ನೆರವಾದ ವಿಧಾನಗಳಲ್ಲಿ ಪಿಸಿಆರ್ ಕೂಡ ಒಂದು. ಲಾಭನಷ್ಟ ತೂಗಿ ಹಿಂಸೆಯನ್ನು ಅಹಿಂಸೆಯೆಂದು ಕರೆಯಲು ನಾನು ಸಿದ್ಧನಿಲ್ಲ. ಹಿಂಸೆಯು ಹಿಂಸೆಯೇ, ಆದರೆ ಗೃಹಸ್ಥಧರ್ಮದ ಎಲ್ಲೆಯೊಳಗೆ ಇದು ಒಲೆ ಹಚ್ಚುವ, ಹೊಲ ಉಳುವ ಆರಂಭ-ಉದ್ಯೋಗಗಳ ಸಾಲಿಗೆ ಸೇರುತ್ತದೆ ಎಂದು ನನ್ನ ತಿಳಿವಳಿಕೆ.

ಅದತ್ತಾದಾನದ ಪ್ರಶ್ನೆ

ನನ್ನನ್ನು ಕಾಡಿದ್ದು ಹಣದ ಕಥೆ. ಬ್ರಾಕ್ ಅವರು ತಮ್ಮ ಜೀವಿಯನ್ನು ಅಮೆರಿಕದ ಸೂಕ್ಷ್ಮಜೀವಿ ಸಂಗ್ರಹಾಲಯಕ್ಕೆ, ಬೇಕಾದವರಿಗೆ ದೊರೆಯಲೆಂದು, ಕೊಟ್ಟಿದ್ದರು. ಸೀಟಸ್ ಅದನ್ನು ಅಲ್ಲಿಂದ ಪಡೆಯಲು ತೆತ್ತ ಶುಲ್ಕ 35 ಡಾಲರ್ ಎಂದು ಬರೆಯಲಾಗಿದೆ. 1991ರಲ್ಲಿ ಆ ಕಂಪನಿ ಪಿಸಿಆರ್ ಹಕ್ಕುಗಳನ್ನು ಹಾಫ್‌ಮನ್-ಲಾ ರೋಶ್ ಕಂಪನಿಗೆ ಮಾರಿತು. ಬೆಲೆ 30 ಕೋಟಿ ಡಾಲರ್. ಮುಲ್ಲಿಸ್ ಅವರಿಗೆ ಸೀಟಸ್ ಕೊಟ್ಟಿದ್ದ ಬಹುಮಾನ 10,000 ಡಾಲರ್. ನೂರು ವರ್ಷಕ್ಕೂ ಮಿಕ್ಕಿ ಆ ಬುಗ್ಗೆಯನ್ನು ಕಾಯ್ದಿರಿಸಿದ ಉದ್ಯಾನಕ್ಕೆ ಬಂದದ್ದು ಏನೂ ಇಲ್ಲ. 1976ರಲ್ಲಿ ಕಿಣ್ವವನ್ನು ಬೇರ್ಪಡಿಸಿದವರ ಹೆಸರೂ ಹಿಂದೆ ಬಿತ್ತು. ಟ್ಯಾಕ್ ಪೇಟೆಂಟ್ ಕುರಿತ ವ್ಯಾಜ್ಯದಲ್ಲಿ ಅಮೆರಿಕದ ನ್ಯಾಯಾಲಯವೊಂದು 1999ರಲ್ಲಿ ತೀರ್ಪಿತ್ತಿತು: ಹಿಂದಿನವರು ತೆಗೆದಿದ್ದ ಕಿಣ್ವಕ್ಕೂ ತಮ್ಮದಕ್ಕೂ ಇರುವ ಭೇದದ ಬಗ್ಗೆ ಅರ್ಜಿದಾರರು ಪೇಟೆಂಟ್ ಕಚೇರಿಯನ್ನು ತಪ್ಪುದಾರಿಗೆ ಎಳೆದಿದ್ದರು, ಆದ್ದರಿಂದ ಆ ಪೇಟೆಂಟನ್ನು ಜಾರಿಗೊಳಿಸುವಂತಿಲ್ಲ.

ಬಿ.ಕಾಂ. ಮೊದಲ ವರ್ಷದಲ್ಲಿಯೇ ನಮಗೆ ಕಲಿಸಿದ ನಿಯಮವೊಂದಿದೆ: ಪಡೆದವರ ಖಾತೆಗೆ ಖರ್ಚು, ಕೊಟ್ಟವರ ಖಾತೆಗೆ ಜಮಾ. ಈ ಲೆಕ್ಕದಲ್ಲಿ ಪಡೆದವರ ಹೆಸರುಗಳೆಲ್ಲ ಇವೆ. ಕೊಟ್ಟವರ ಪುಟವೇ ಇಲ್ಲ. ಹಾಗಾದರೆ ಇದು ಕಳವೇ? ಕೊಡದುದನ್ನು ತೆಗೆದುಕೊಳ್ಳುವುದು ಕಳವೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ವ್ಯಾಖ್ಯೆ.

ಈ ಪ್ರಶ್ನೆಯನ್ನು ನಮ್ಮ ಆಚಾರ್ಯರು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ: ಮುನಿಯು ಊರಿನ ಬೀದಿಯಲ್ಲಿ ನಡೆಯುತ್ತಾನೆ, ಬಾಗಿಲನ್ನು ಹೊಗುತ್ತಾನೆ, ಯಾರೂ ಅವನ್ನು ಕೈಯೆತ್ತಿ ಕೊಟ್ಟಿಲ್ಲವಲ್ಲ, ಅದೂ ಕಳವಾಗಬೇಕಲ್ಲ? ಅವು ಎಲ್ಲರಿಗೂ ತೆರೆದಿರುವುದರಿಂದ ದೋಷವಿಲ್ಲವೆಂಬುದು ಅವರ ಸಮಾಧಾನ. ಕೊಡು-ಕೊಳ್ಳುವಿಕೆ ಸಾಧ್ಯವಿರುವಲ್ಲಿ ಮಾತ್ರ ಕಳವಿನ ಮಾತು. ಅಲ್ಲಿಯೂ ಪ್ರಮಾದದಿಂದ, ಎಚ್ಚರದಪ್ಪಿದ ಕಷಾಯಯುಕ್ತ ಮನಸ್ಸಿನಿಂದ ತೆಗೆದುಕೊಂಡರೆ ಕಳವು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಪರರ ಬಾವಿಯ ನೀರು ಮುಂತಾದವನ್ನು ತೆಗೆದುಕೊಳ್ಳುವುದನ್ನು ಬಿಡಲಾರದ ಗೃಹಸ್ಥರು ಉಳಿದೆಲ್ಲ ಅದತ್ತ ವಸ್ತುಗಳನ್ನು ಬಿಡಬೇಕೆಂದು ರಿಯಾಯಿತಿ ನೀಡಿದ್ದಾರೆ. ಬುಗ್ಗೆಯಿಂದ ಒಂದಿಷ್ಟು ನೀರು ತೆಗೆದುಕೊಂಡ ಬ್ರಾಕ್ ಅವರು ಈ ರಿಯಾಯಿತಿಯೊಳಗೇ ಇದ್ದಾರೆ. ಅವರು ಲಾಭಕ್ಕಾಗಿ ತೆಗೆದುಕೊಳ್ಳಲಿಲ್ಲ. ತಂದುದನ್ನು ಬಚ್ಚಿಡಲೂ ಇಲ್ಲ. ಬ್ಯಾಕ್ಟೀರಿಯಾಕ್ಕೆ ಕೊಡುವ ಸಂಕಲ್ಪವಾಗಲಿ, ಬೆಲೆ ಪಡೆಯುವ ಕೈಯಾಗಲಿ ಇಲ್ಲ.

ನಮ್ಮ ಹುಡುಗಿಯೂ ಅದನ್ನೇ ವಾದಿಸಿದಳು. “ಬುಗ್ಗೆಗೆ ಏನೂ ನಷ್ಟವಾಗಲಿಲ್ಲ, ದೊಡ್ಡಪ್ಪ. ಬೆಲೆ ಬಂದದ್ದು ಬುದ್ಧಿಗೆ ಮತ್ತು ದುಡಿಮೆಗೆ. ಪ್ರತಿ ಚಮಚಕ್ಕೂ ಸುಂಕ ಕೇಳಿದರೆ ಸಂಶೋಧನೆಯೇ ನಿಂತುಹೋಗುತ್ತದೆ.” ಮಾತಿನಲ್ಲಿ ಹುರುಳಿತ್ತು. ಆದರೂ ನನಗೆ ನೆಮ್ಮದಿಯಾಗಲಿಲ್ಲ. ಅದೇಕೆಂದು ತಿಳಿಯಲು ನನ್ನ ಅಂಗಡಿಯ ಹಳೆಯ ಸಂಗತಿಯೊಂದನ್ನು ಹೇಳಬೇಕು.

ಮಂಡಿಯ ಹಿಡಿ ಕಾಳು

ಪದವಿ ಮುಗಿಸಿ ನಾನು ತಂದೆಯವರ ದಲ್ಲಾಳಿ ಮಂಡಿಗೆ ಸೇರಿದಾಗ ಒಂದು ವಾಡಿಕೆಯಿತ್ತು. ರೈತ ತಂದ ಚೀಲಗಳಿಂದ ಒಂದೊಂದು ಹಿಡಿ ಕಾಳನ್ನು ತೆಗೆದು, ಅಂಗೈಯಲ್ಲಿ ಹರಡಿ, ಒಣಗಿದೆಯೇ, ಹುಳು ಹಿಡಿದಿದೆಯೇ ಎಂದು ನೋಡುವುದು. ಖರೀದಿದಾರರೂ ಹಾಗೆಯೇ ನೋಡುವರು. ನೋಡಿದ ಕಾಳು ಚೀಲಕ್ಕೆ ಮರಳುತ್ತಿರಲಿಲ್ಲ. ಅಂಗಡಿಯ ಮೂಲೆಯ ಬುಟ್ಟಿಗೆ ಬೀಳುತ್ತಿತ್ತು. ಸುಗ್ಗಿಯ ದಿನ ಸಂಜೆಯ ಹೊತ್ತಿಗೆ ಆ ಬುಟ್ಟಿಗಳೇ ಚೀಲವಾಗುತ್ತಿದ್ದವು. ಯಾರೂ ಅದನ್ನು ಕಳವೆಂದು ಎಣಿಸಿರಲಿಲ್ಲ. ನಾವಂತೂ ಪ್ರತಿವರ್ಷ ಆ ಕಾಳನ್ನು ಬಸದಿಯ ಅನ್ನದಾನಕ್ಕೆ ಕಳುಹಿಸುತ್ತಿದ್ದೆವು. ದಾನಿಗಳ ಫಲಕದಲ್ಲಿ ನಮ್ಮ ಅಂಗಡಿಯ ಹೆಸರಿರುತ್ತಿತ್ತು.

ಒಂದು ಸಲ ಗೌರಿಬಿದನೂರು ಕಡೆಯ ವೃದ್ಧ ರೈತರೊಬ್ಬರು ಹುರುಳಿಯ ನಾಲ್ಕು ಚೀಲ ತಂದಿದ್ದರು. ಪಟ್ಟಿ ಬರೆದುಕೊಟ್ಟೆ. ಅವರು ಹಣ ಎಣಿಸಿಕೊಂಡು, ಮೂಲೆಯ ಬುಟ್ಟಿಯತ್ತ ನೋಡಿ, ಬಹಳ ಮೆತ್ತಗೆ ಕೇಳಿದರು: “ಸಾವ್ಕಾರ್ರೇ, ನೋಡೋಕೆ ಅಂತ ತಗೊಂಡ್ರಿ. ನೋಡಾಯ್ತಲ್ಲ, ಈಗ ಅದು ಯಾರ್ದು?”

ನಾನು ನಕ್ಕು ಮಾತು ತೇಲಿಸಿದೆ. ಅವರು ಹೋದರು. ಮತ್ತೆ ನಮ್ಮ ಅಂಗಡಿಗೆ ಅವರು ಬರಲಿಲ್ಲ. ಆ ರಾತ್ರಿ ಕಿರ್ದಿ ಬರೆಯಲು ಕುಳಿತಾಗ ಬುಟ್ಟಿಯ ಕಾಳನ್ನು ಯಾರ ಹೆಸರಿಗೆ ಜಮಾ ಮಾಡಬೇಕೆಂದು ತಿಳಿಯಲಿಲ್ಲ. ಹಿಡಿ ಕಾಳನ್ನು ತೆಗೆದ ಗಳಿಗೆಯಲ್ಲಿ ಕಳವಿರಲಿಲ್ಲ. ರೈತನ ಎದುರಿನಲ್ಲಿ, ರೈತನ ಒಪ್ಪಿಗೆಯಿಂದಲೇ ತೆಗೆದದ್ದು. ನೋಡಿ ಮುಗಿದ ಮೇಲೆ ಅದು ಯಾರದೆಂಬುದನ್ನು ಮರೆತೆನಲ್ಲ, ಆಗ ಅದು ಕಳವಾಯಿತು. ಪೂಜ್ಯಪಾದರು ಹೇಳುವ ಪ್ರಮಾದದ ಅರ್ಥ ನನಗೆ ತಿಳಿದದ್ದು ಆ ಬುಟ್ಟಿಯಿಂದ. ಅನ್ನದಾನದ ವಿಷಯ ಇನ್ನೂ ನಾಚಿಕೆಯದು. ಪರರ ಕಾಳನ್ನು ಕೊಟ್ಟು ಪುಣ್ಯವನ್ನೂ ಫಲಕವನ್ನೂ ನನ್ನ ಹೆಸರಿಗೆ ಬರೆಸಿಕೊಂಡಿದ್ದೆ.

ಮುಂದಿನ ದೀಪಾವಳಿಯ ಹೊಸ ಲೆಕ್ಕದಿಂದ ಮಾದರಿಯ ಕಾಳನ್ನು ರೈತನ ಎದುರಿಗೇ ಚೀಲಕ್ಕೆ ಮರಳಿ ಸುರಿಯತೊಡಗಿದೆವು. ಉಳಿದುದರ ಬೆಲೆಯನ್ನು ಪಟ್ಟಿಯಲ್ಲಿ ಸೇರಿಸಿ ಕೊಟ್ಟೆವು. ಹಿಂದಿನ ವರ್ಷಗಳ ಬಾಕಿ? ಆ ರೈತರು ಯಾರು, ಎಲ್ಲಿಯವರು ಎಂದು ಹುಡುಕುವುದು ಅಸಾಧ್ಯ. “ಹೆಸರು ತಿಳಿಯದ ರೈತರು” ಎಂಬ ಒಂದು ಖಾತೆ ತೆರೆದು, ಅಂದಾಜಿನ ಮೊತ್ತವನ್ನು ಜಮಾ ಮಾಡಿ, ಅದರಿಂದ ಬೇಸಗೆಯಲ್ಲಿ ರೈತರಿಗೂ ಹಮಾಲರಿಗೂ ಅರವಟ್ಟಿಗೆ ನಡೆಸುತ್ತ ಬಂದೆವು. ಅದರ ಮೇಲೆ ನಮ್ಮ ಹೆಸರು ಹಾಕಲಿಲ್ಲ. ಸಾಲ ತೀರಿಸುವವನು ಫಲಕ ಹಾಕಿಸಿಕೊಳ್ಳುವುದಿಲ್ಲವಷ್ಟೆ.

ಬಾಕಿ ತೀರಿಸುವ ಬಗೆ

ಈಗ ಬುಗ್ಗೆಯ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಹೇಳಬಹುದು. 1966ರಲ್ಲಿ ತೆಗೆದ ಮಾದರಿ ಕಳವಲ್ಲ; ಅದು ನೋಡಲು ತೆಗೆದ ಹಿಡಿ ಕಾಳು. ಬುದ್ಧಿಗೂ ದುಡಿಮೆಗೂ ಪ್ರತಿಫಲ ದೊರೆತದ್ದು ನ್ಯಾಯವೇ. ಆದರೆ 30 ಕೋಟಿ ಡಾಲರ್ ಕೈ ಬದಲಾದ ದಿನ, ಇದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲವೆಂದರೆ, ದೋಷ ಅಲ್ಲಿ ಹೊಕ್ಕಿತು. ಪಡೆಯುವುದೆಲ್ಲ ಕಳವಲ್ಲ, ಪಡೆದುದೆಲ್ಲ ಬಾಕಿ ನಿಜ. ಬಾಕಿಯನ್ನು ಬರೆದಿಡದೆ ಮರೆತಾಗ ಅದು ಕಳವಿನ ಕಡೆಗೆ ಸರಿಯುತ್ತದೆ.

ಈ ಮರೆವನ್ನು ಲೋಕವೂ ಗಮನಿಸಿತು. ಯೆಲ್ಲೋಸ್ಟೋನ್ ಉದ್ಯಾನ 1997ರಲ್ಲಿ ಡೈವರ್ಸಾ ಎಂಬ ಕಂಪನಿಯೊಡನೆ ಲಾಭದ ಪಾಲಿನ ಒಪ್ಪಂದ ಮಾಡಿಕೊಂಡಿತು. ಅದು ನ್ಯಾಯಾಲಯದ ಮೆಟ್ಟಿಲೇರಿದರೂ 1998ರ ಕಾನೂನು ಇಂಥ ಒಪ್ಪಂದಗಳಿಗೆ ದಾರಿ ತೆರೆಯಿತು. ನಮ್ಮ ದೇಶ 2002ರಲ್ಲಿ ಜೈವಿಕ ವೈವಿಧ್ಯ ಅಧಿನಿಯಮವನ್ನು ತಂದಿತು. ಅದರಂತೆ ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯದಲ್ಲಿ ಮಂಡಳಿ, ಗ್ರಾಮ ಪಂಚಾಯತಿಯಂಥ ಸ್ಥಳೀಯ ಸಂಸ್ಥೆಗಳಲ್ಲಿ ಸಮಿತಿ ಎಂಬ ಮೂರು ಹಂತಗಳಿವೆ. ಜೀವಸಂಪತ್ತಿನಿಂದ ಬಂದ ಲಾಭದಲ್ಲಿ ಅದನ್ನು ಕಾಯ್ದವರಿಗೆ ಪಾಲು ಸಲ್ಲಬೇಕೆಂಬುದು ಅದರ ಆಶಯ. ನಮ್ಮ ಕರ್ನಾಟಕದಲ್ಲಿಯೂ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ಅದರ ನೀರು ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗಿನದು, ಥರ್ಮಸ್‌ಗೆ ಸಾಲುವಷ್ಟಲ್ಲ. ಆದರೂ ಅಲ್ಲಿನ ಯಾವುದೋ ಕಾಣದ ಜೀವಿಯಿಂದ ನಾಳೆ ಯಾವ ಔಷಧ ದೊರೆಯುವುದೋ! ದೊರೆತರೆ ಇರ್ದೆಯ ಹೆಸರು ಲೆಕ್ಕದಲ್ಲಿರಬೇಕು.

ಕಾನೂನು ತಲುಪದ ಬಾಕಿಗಳು ಇನ್ನೂ ಉಳಿಯುತ್ತವೆ. ಬ್ಯಾಕ್ಟೀರಿಯಾಕ್ಕೆ ಹಣ ಬೇಡ; ಅದು ಬದುಕುವ ನೀರು ನೀರಾಗಿಯೇ ಉಳಿದರೆ ಸಾಕು. ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳನ್ನು ನಾವು ಇಟ್ಟುಕೊಂಡ ಬಗೆಯನ್ನು ನೆನೆದರೆ, ಇನ್ನೂ ಹೆಸರಿಡದ ಎಷ್ಟು ಜೀವಿಗಳ ನೆಲೆಯನ್ನು ಕೆಡಿಸಿದ್ದೇವೋ ಎಂದು ಅಳುಕಾಗುತ್ತದೆ. ಒಂದು ಕೆರೆಗೆ ಕೊಳಚೆ ಸೇರದಂತೆ ತಡೆಯುವ ಕೆಲಸಕ್ಕೆ ಕೊಟ್ಟ ಹಣ ಕೂಡ ಹೆಸರು ತಿಳಿಯದ ಕೊಡುಗೈಗಳ ಖಾತೆಗೇ ಜಮಾ. ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ನನ್ನದೊಂದು ವಿನಂತಿಯಿದೆ. ದಾನಿಗಳ ಹೆಸರು ಬರೆಯುವಾಗ, ಆ ದಾನದ ಹಿಂದಿರುವ ರೈತ, ಹಮಾಲ, ನೆಲ, ನೀರುಗಳಿಗೂ ಸಲ್ಲುವಂತೆ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಡಿ. ಓದಿದವರು ಏಕೆಂದು ಕೇಳಲಿ.

ನಮ್ಮ ಅಜ್ಜಿ ಊರಿನ ಬಾವಿಯಲ್ಲಿ ನೀರು ಸೇದಿ ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೆ ಬಾವಿಗೂ ಹಾಕುತ್ತಿರಲಿಲ್ಲ, ಅಂಗಳಕ್ಕೂ ಚೆಲ್ಲುತ್ತಿರಲಿಲ್ಲ. ಎಲ್ಲಿಂದ ತಂದರೋ ಅಲ್ಲಿಗೆ. ಕೊಳವೆಬಾವಿಯ ಕಾಲದಲ್ಲಿ ಆ ಪದ್ಧತಿ ನಮ್ಮ ಮನೆಗಳಿಂದ ಮರೆಯಾಯಿತು. ಅಹಿಂಸೆಯ ಪಾಠವೆಂದು ನಾನು ಅದನ್ನು ತಿಳಿದಿದ್ದೆ. ಅದರಲ್ಲಿ ಅಚೌರ್ಯದ ಪಾಠವೂ ಇತ್ತೆಂದು ಈಗ ತಿಳಿಯುತ್ತಿದೆ.

ಕಳೆದ ತಿಂಗಳು ತಮ್ಮನ ಮಗಳು ತನ್ನ ಪ್ರಬಂಧದ ಕರಡನ್ನು ನನಗೆ ತೋರಿಸಿದಳು. ವಿಷಯ ನನಗೆ ಅರ್ಥವಾಗುವಂಥದಲ್ಲ. ಕೃತಜ್ಞತೆಯ ಪುಟದಲ್ಲಿ ಗುರುಗಳು, ತಂದೆತಾಯಿ, ಗೆಳತಿಯರ ಹೆಸರುಗಳಾದ ಮೇಲೆ ಕೊನೆಯಲ್ಲಿ ಹೀಗೊಂದು ಸಾಲಿತ್ತು: ಈ ಕೆಲಸದಲ್ಲಿ ಬಳಸಿದ ಕಿಣ್ವದ ಮೂಲವಾದ ಯೆಲ್ಲೋಸ್ಟೋನಿನ ಮಶ್ರೂಮ್ ಸ್ಪ್ರಿಂಗ್‌ಗೆ. ಅದನ್ನು ಉಳಿಸಿದರೆ ನಗುತ್ತಾರೇನೋ ಎಂದು ಅವಳಿಗೆ ಸಂಕೋಚ. ಇರಲಿ ಬಿಡಮ್ಮ, ಎಂದೆ.

ಶಾಸ್ತ್ರಾರ್ಥದಲ್ಲಿ ನನ್ನ ತಿಳಿವಳಿಕೆ ತಪ್ಪಿದ್ದರೆ ವಿದ್ವಜ್ಜನರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.